ಸಹಾಯ ಬೇಕು: ತಂದೆಯವರಿಗೆ ರಾತ್ರಿ ಪದೇ ಪದೇ ಮೂತ್ರ, ಮೊದಲು ಯಾರನ್ನು ಕಾಣಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 68 ವರ್ಷ. ಕೆಲವು ತಿಂಗಳುಗಳಿಂದ ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುತ್ತಿದ್ದಾರೆ. ಧಾರೆ ಸಣ್ಣದಾಗಿದೆ, ಹೋಗಿ ಬಂದ ಮೇಲೂ ಪೂರ್ತಿ ಆದಂತೆ ಅನ್ನಿಸುವುದಿಲ್ಲ ಎನ್ನುತ್ತಾರೆ. ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ ಎಂದು ತಳ್ಳಿಹಾಕುವ ಅವರು, ಈಗ ಹಗಲಿನಲ್ಲಿಯೂ ನೀರು ಕುಡಿಯುವುದನ್ನು ಕಡಿಮೆ ಮಾಡಿರುವುದು ನನಗೆ ಹೆಚ್ಚು ಚಿಂತೆ ತಂದಿದೆ.

ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಇವುಗಳಲ್ಲಿ ಯಾವುದರಿಂದಲೂ ಹೀಗಾಗಬಹುದೆಂದು ಬಲ್ಲೆ. ಅವರು ಬಿಪಿ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳುತ್ತಾರೆ. ವೈದ್ಯರನ್ನು ಕೇಳದೆ ಅದರ ಹೊತ್ತು ಬದಲಿಸುವ ಧೈರ್ಯ ನನಗಿಲ್ಲ. ಚಳಿಜ್ವರ, ಪಕ್ಕೆನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬಾರದು, ಮೂತ್ರ ಪೂರ್ತಿ ಕಟ್ಟಿಕೊಂಡರೆ ಕೂಡಲೇ ತುರ್ತು ಚಿಕಿತ್ಸೆಗೆ ಒಯ್ಯಬೇಕು ಎಂಬುದು ಗೊತ್ತಿದೆ. ಸದ್ಯಕ್ಕೆ ಅಂಥದ್ದೇನೂ ಇಲ್ಲ.

ನಾವಿರುವುದು ಸಾಗರದಲ್ಲಿ. ಮೊದಲು ಇಲ್ಲಿಯ ವೈದ್ಯರಲ್ಲಿಯೇ ರಕ್ತದ ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ಮತ್ತು ಮೂತ್ರದ ಪರೀಕ್ಷೆ ಮಾಡಿಸಿ ಮುಂದುವರಿಯುವುದೇ, ಅಥವಾ ನೇರವಾಗಿ ಶಿವಮೊಗ್ಗದಲ್ಲಿ ಮೂತ್ರರೋಗ ತಜ್ಞರನ್ನು ಕಾಣುವುದೇ? ಸೋಂಕಿದ್ದಾಗ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆ ತಿಳಿಯಲು ರಕ್ತದಲ್ಲಿ ಅಳೆಯುವ ಪ್ರೋಟೀನ್) ಪ್ರಮಾಣ ಏರುವುದರಿಂದ, ಆ ಪರೀಕ್ಷೆಯನ್ನು ಮೂತ್ರದ ವರದಿ ಬಂದ ನಂತರವೇ ಮಾಡಿಸುವುದು ಸರಿಯೇ? ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆಂದು ನೋಡುವ ಸ್ಕ್ಯಾನಿಂಗ್‌ಗೆ ಹೇಗೆ ಸಿದ್ಧರಾಗಿ ಹೋಗಬೇಕು?

ಮಗಳಾದ ನನ್ನೊಡನೆ ಈ ವಿಷಯ ಮಾತನಾಡಲು ಅವರಿಗೆ ಸಂಕೋಚ. ಇದೇ ತೊಂದರೆಗೆ ಚಿಕಿತ್ಸೆ ಪಡೆದ ಹಿರಿಯರು ಯಾರಾದರೂ ಅವರೊಡನೆ ಫೋನಿನಲ್ಲಿ ಮಾತನಾಡಲು ಒಪ್ಪಿದರೆ ದೊಡ್ಡ ಉಪಕಾರವಾಗುತ್ತದೆ. ಕಷಾಯ, ಮಾತ್ರೆಗಳ ಹೆಸರನ್ನು ದಯವಿಟ್ಟು ಸೂಚಿಸಬೇಡಿ.