ಅಪ್‌ಡೇಟ್: ನೆಗೆಟಿವ್‌ಗಳಿಗೆ ಸ್ಕ್ಯಾನರ್ ಕೊಳ್ಳಲಿಲ್ಲ

ಮನೆಯಲ್ಲಿರುವ ಹಳೆಯ 35 ಮಿ.ಮೀ. ಕಪ್ಪು-ಬಿಳುಪು ನೆಗೆಟಿವ್‌ಗಳಿಗೆ ಸ್ಕ್ಯಾನರ್ ಕೊಳ್ಳಬೇಕೇ, ಇರುವ ಕ್ಯಾಮೆರಾವೇ ಸಾಕೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಕ್ಯಾಮೆರಾ ಧಾರಾಳವಾಗಿ ಸಾಕು.

ನಾನು ಬಳಸಿದ್ದು ಇಷ್ಟು: ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ಚಿತ್ರ ತೆಗೆಯುವಂಥದ್ದು), ಸ್ಟ್ಯಾಂಡ್, ಎಲ್‌ಇಡಿ ಲೈಟ್ ಪ್ಯಾಡ್, ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯಲು ಕಪ್ಪು ರಟ್ಟಿನ ಚೌಕಟ್ಟು. ಕ್ಯಾಮೆರಾದ ಸೆಟ್ಟಿಂಗ್: ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100 (ಬೆಳಕಿಗೆ ಸಂವೇದನೆ), ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ). ಫಿಲ್ಮನ್ನು ಪ್ಯಾಡಿಗೆ ಅಂಟಿಸಿದಂತೆ ಇಟ್ಟರೆ ಪ್ಯಾಡಿನ ಮೇಲಿನ ಧೂಳೂ ಚಿತ್ರದಲ್ಲಿ ಮೂಡುತ್ತದೆ. ಎರಡು ಬೆರಳಿನಷ್ಟು ಎತ್ತರಿಸಿದರೆ ಆ ಕಾಟವಿಲ್ಲ. ಫಿಲ್ಮಿನ ಹೊಳಪಿಲ್ಲದ ಮಗ್ಗುಲು ಲೆನ್ಸಿನ ಕಡೆಗಿದ್ದರೆ ಚಿತ್ರ ಎಡಬಲ ಅದಲುಬದಲಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ತಿರುಗಿಸಿಕೊಳ್ಳಿ.

ಅಂಗಡಿಯವರು ಬಾಯ್ತುಂಬ ಹೊಗಳಿದ ಇನ್‌ಫ್ರಾರೆಡ್ ಧೂಳು ನಿವಾರಣೆಯ ವಿಷಯಕ್ಕೆ ಬರೋಣ. ಸ್ಕ್ಯಾನರ್ ಫಿಲ್ಮಿನ ಮೂಲಕ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹಾಯಿಸಿ, ಅದು ತಡೆದ ಕಡೆ ಧೂಳಿದೆ ಎಂದು ಗುರುತಿಸಿ ಅಳಿಸುತ್ತದೆ. ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೆಂದರೆ ಬೆಳ್ಳಿಯ ಕಣಗಳೇ. ಬೆಳ್ಳಿ ಇನ್‌ಫ್ರಾರೆಡ್ ಕಿರಣಗಳನ್ನು ತಡೆಯುತ್ತದೆ. ಹಾಗಾಗಿ ಯಂತ್ರಕ್ಕೆ ಅಜ್ಜನ ಮೀಸೆಗೂ ಧೂಳಿಗೂ ವ್ಯತ್ಯಾಸ ತಿಳಿಯುವುದಿಲ್ಲ! ಬಣ್ಣದ ಫಿಲ್ಮಿನಂತೆಯೇ ಸಂಸ್ಕರಿಸುವ ಇಲ್ಫರ್ಡ್ ಎಕ್ಸ್‌ಪಿ2 ಬಗೆಯವು ಮಾತ್ರ ಇದಕ್ಕೆ ಅಪವಾದ. ಅವುಗಳಲ್ಲಿ ಕೊನೆಗೆ ಉಳಿಯುವುದು ವರ್ಣದ್ರವ್ಯ, ಬೆಳ್ಳಿಯಲ್ಲ. ನನ್ನ ಬಳಿ ಅಂಥದ್ದು ಒಂದೂ ಇಲ್ಲ. ಗಾಳಿ ಊದುವ ರಬ್ಬರ್ ಬಲ್ಬು, ಮೃದುವಾದ ಕುಂಚ ಸಾಕಾಯಿತು. ಉಳಿದ ಚುಕ್ಕೆಗಳನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೈಯಾರೆ ಅಳಿಸುತ್ತಿದ್ದೇನೆ. ಬೇಸರದ ಕೆಲಸ, ನಿಜ.

ಸುರುಳಿಯಾದ ಪಟ್ಟಿಗಳು ಇನ್ನೂ ಬಾಕಿ. ಸದ್ಯಕ್ಕೆ ದಪ್ಪ ನಿಘಂಟುಗಳ ಕೆಳಗಿಟ್ಟಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಮತ್ತೆ ನಿಮ್ಮನ್ನೇ ಕೇಳುತ್ತೇನೆ.