ಅಪ್‌ಡೇಟ್: ತಮ್ಮನ ಸೊಂಟದ ಬಟ್ಟಲಿನ ಆಪರೇಷನ್ ಆಯ್ತು

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ಬೈಕಿನಿಂದ ಬಿದ್ದ ತಮ್ಮನಿಗೆ ತೊಡೆಮೂಳೆಯ ಗುಂಡು ಕೂರುವ ಬಟ್ಟಲೇ ಒಡೆದಿದೆ, ಆಪರೇಷನ್ ಬೇಕಾ, ಕಾಲಿಗೆ ತೂಕ ಕಟ್ಟಿ ಮಲಗಿಸಿದರೆ ಸಾಕಾ ಅಂತ. "ತಡ ಮಾಡಬೇಡಿ, ಇದನ್ನೇ ಮಾಡುವವರಿಗೆ ತೋರಿಸಿ" ಅಂದವರಿಗೆಲ್ಲ ಥ್ಯಾಂಕ್ಸ್.

ಮೊದಲು ಹೋದ ಆಸ್ಪತ್ರೆಯಲ್ಲಿ ಆರು ವಾರ ಮಲಗಲಿ ಅಂದಿದ್ದರು. ಬೆಂಗಳೂರಿನ ಡಾಕ್ಟರು ಸಿಟಿ ಸ್ಕ್ಯಾನ್ ನೋಡಿ ಬೇಡ ಅಂದರು. ಬಟ್ಟಲನ್ನು ಹಿಂದೊಂದು ಮುಂದೊಂದು ಮೂಳೆಯ ಕಂಬ ಹಿಡಿದಿರುತ್ತವೆ. ಇವನಿಗೆ ಎರಡೂ ಹೋಗಿದ್ದವು. ಈ ಬಟ್ಟಲು ಹೇಗೆಲ್ಲ ಒಡೆಯುತ್ತದೆ ಅಂತ ಫ್ರಾನ್ಸಿನ ಮೂಳೆ ಡಾಕ್ಟರುಗಳಾದ ಜುಡೆ, ಲೆಟೂರ್ನೆಲ್ 1964ರಲ್ಲಿ ಮಾಡಿದ 10 ಬಗೆಯ ಪಟ್ಟಿಯಲ್ಲಿ ಇದೂ ಒಂದಂತೆ. ಚೂರುಗಳು ಒಂದೆರಡು ಮಿಲಿಮೀಟರ್ ಏರುಪೇರಾದರೂ ಕೀಲು ಬೇಗ ಸವೆಯಬಹುದು. ಮೂರು ವಾರ ದಾಟಿದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳಲು ಶುರುವಾಗಿ, ಸರಿಯಾಗಿ ಜೋಡಿಸುವುದು ತುಂಬಾ ಕಷ್ಟ. ನಮ್ಮದು 11ನೇ ದಿನ ಆಯ್ತು.

ಮುಂದುಗಡೆ, ತೊಡೆಸಂದಿನ ಗುಂಟ ಕೊಯ್ದು ಪ್ಲೇಟು, ಸ್ಕ್ರೂ ಹಾಕಿದರು. ಐದು ಗಂಟೆ ಹಿಡಿಯಿತು. ಹೊರಗೆ ಅಮ್ಮ ಒಂದು ಲೋಟ ನೀರೂ ಮುಟ್ಟಲಿಲ್ಲ. ಎಚ್ಚರವಾದ ಕೂಡಲೇ "ಪಾದ ಮೇಲೆತ್ತು" ಅಂದರು, ಕಾಲಿನ ದೊಡ್ಡ ನರ ಸರಿಯಿದೆಯಾ ಅಂತ ನೋಡೋಕೆ. ಎತ್ತಿದ! ರಕ್ತ ಹೆಪ್ಪುಗಟ್ಟದಿರಲು ಇಂಜೆಕ್ಷನ್ ನಡೆಯಿತು.

12 ವಾರ ಆ ಕಾಲಿಗೆ ಭಾರ ಬಿಡಲಿಲ್ಲ, ವಾಕರ್ ಅಷ್ಟೇ. ಈಗ ಕೋಲು ಹಿಡಿದು ಬೀದಿಯ ತುದಿವರೆಗೆ ಹೋಗಿಬರುತ್ತಾನೆ. ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಮುಂದೆ ಕೀಲು ಸವೆದರೆ ಬದಲಿಸಬೇಕಾದೀತು ಅಂತಲೂ ಹೇಳಿದ್ದಾರೆ. ಸದ್ಯಕ್ಕೆ ಅವನ ಜಗಳವೆಲ್ಲ ಬೈಕಿನ ಕೀಲಿಗಾಗಿ. ಅದು ನನ್ನ ಹತ್ತಿರ ಇದೆ.