ಟೆಂಟಿನಲ್ಲಿ ಕಾಣದ ಜಿಗಿತ: ಎಂಬತ್ತರ ದಶಕದ ಮಾಯಾಮಂತ್ರದ ಚಿತ್ರಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಗಡಿಸೀಮೆಯವನು

ನಾನು ಬೆಳೆದದ್ದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸುತ್ತಲೂ ಬಹುಪಾಲು ಆಂಧ್ರದ ನೆಲವೇ ಇದ್ದುದರಿಂದ ನಮ್ಮ ಟೂರಿಂಗ್ ಟಾಕೀಸಿಗೆ ಕನ್ನಡ ಚಿತ್ರದ ಪೆಟ್ಟಿಗೆ ಬಂದಷ್ಟೇ ಸಲೀಸಾಗಿ ತೆಲುಗು ಚಿತ್ರದ ಪೆಟ್ಟಿಗೆಯೂ ಬರುತ್ತಿತ್ತು. ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಮೊದಲ ಆಟಕ್ಕೆ ಹೊತ್ತಾಯಿತೆಂದು ಅರ್ಥ. ಆ ಹಾಡು ಮುಗಿಯುವುದರೊಳಗೆ ನೆಲದ ಟಿಕೆಟ್ ಕೊಂಡು, ಮರಳನ್ನು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಕುಳಿತುಬಿಡಬೇಕಿತ್ತು. ‘ಬಭ್ರುವಾಹನ’ವನ್ನು ನಾನು ನೋಡಿದ್ದು ಹಾಗೆ. ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಪುನೀತ್ ಪ್ರಹ್ಲಾದನಾಗಿ ರಾಜಕುಮಾರ್ ಅವರ ಹಿರಣ್ಯಕಶಿಪುವಿನ ಎದುರು ನಿಂತ 1983ರ ‘ಭಕ್ತ ಪ್ರಹ್ಲಾದ’ವನ್ನು ನೋಡಿದ್ದೂ ಹಾಗೆಯೇ. ವಿಠಲಾಚಾರ್ಯರ ತೆಲುಗು ಚಿತ್ರಗಳಂತೂ ಲೆಕ್ಕವಿಲ್ಲದಷ್ಟು.

ಕಳೆದ ವಾರ ಅಂತಹ ಒಂದು ಹಳೆಯ ಚಿತ್ರವನ್ನು ನನ್ನ ಹತ್ತು ವರ್ಷದ ಮಗಳಿಗೆ ತೋರಿಸಿದೆ. ಬೆಟ್ಟದ ಬಂಡೆಯ ಮೇಲೆ ನಿಂತಿದ್ದ ರಾಕ್ಷಸನು ಹೊಗೆಯೆದ್ದು ಮಾಯವಾಗುವ ದೃಶ್ಯ ಬಂದಾಗ ಅವಳು ತಕ್ಷಣ, “ಅಪ್ಪಾ, ಹಿಂದಿನ ಮರದ ಕೊಂಬೆ ಹಾರಿತು” ಎಂದಳು. ಮತ್ತೆ ಹಾಕಿ ನೋಡಿದರೆ ಅವಳ ಮಾತು ನಿಜವಾಗಿತ್ತು. ರಾಕ್ಷಸ ಮಾಯವಾದ ಕ್ಷಣದಲ್ಲಿಯೇ ಕೊಂಬೆ ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದಿತ್ತು. ಎದುರು ನಿಂತಿದ್ದ ರಾಜಕುಮಾರಿಯ ಕೈಯೂ ತುಸು ಇಳಿದಿತ್ತು. ಇದೇ ದೃಶ್ಯವನ್ನು ಬಾಲ್ಯದಲ್ಲಿ ನಾಲ್ಕು ಬಾರಿಯಾದರೂ ನೋಡಿದ್ದೇನೆ, ಆದರೆ ಕೊಂಬೆ ಹಾರಿದ್ದು ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಕಣ್ಣು ಅಷ್ಟು ಮಂದವಾಗಿತ್ತೇ, ಅಥವಾ ಆಗ ನಾವು ನೋಡುತ್ತಿದ್ದುದೇ ಬೇರೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು. ಇದು ನನ್ನನ್ನು ನಿಜವಾಗಿಯೂ ಕಾಡುತ್ತಿದೆ.

ಉತ್ತರ 1: ರೀಲುಪೆಟ್ಟಿಗೆ

ನಿಮ್ಮ ಕಣ್ಣಿನಲ್ಲಿ ದೋಷವಿರಲಿಲ್ಲ. ನಾನು ಹಾಸನ ಜಿಲ್ಲೆಯ ಒಂದು ಟೂರಿಂಗ್ ಟಾಕೀಸಿನಲ್ಲಿ 1984ರಿಂದ ಆರು ವರ್ಷ ಆಪರೇಟರರ ಸಹಾಯಕನಾಗಿದ್ದೆ. ಆ ಅನುಭವದಿಂದ ಹೇಳುತ್ತೇನೆ.

ಮೊದಲು ಆ ಮಾಯೆಯ ಕೆಲಸವನ್ನು ನೋಡೋಣ. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ಚಿತ್ರೀಕರಣ ನಡೆಸುತ್ತಿರುವಾಗ ನಿರ್ದೇಶಕರು ಸೂಚನೆ ಕೊಡುತ್ತಾರೆ. ಎಲ್ಲರೂ ಇದ್ದ ಭಂಗಿಯಲ್ಲೇ ಕಲ್ಲಿನಂತೆ ನಿಲ್ಲುತ್ತಾರೆ, ಕ್ಯಾಮೆರಾ ನಿಲ್ಲುತ್ತದೆ, ರಾಕ್ಷಸನ ವೇಷಧಾರಿ ಪಕ್ಕಕ್ಕೆ ನಡೆದು ಹೋಗುತ್ತಾನೆ, ಕ್ಯಾಮೆರಾ ಮತ್ತೆ ಓಡುತ್ತದೆ. ನಿಂತವರ ಕೈ ಸೋಲುತ್ತದೆ, ಗಾಳಿಗೆ ಕೊಂಬೆ ಸರಿಯುತ್ತದೆ, ಮೋಡ ಬಂದರೆ ಬೆಳಕೂ ಬದಲಾಗುತ್ತದೆ. ಈ ಎರಡು ತುಣುಕುಗಳನ್ನು ಕೂಡಿಸಿದ ಕಡೆ ಒಂದು ಸಣ್ಣ ಜಿಗಿತ ಉಳಿದೇ ಉಳಿಯುತ್ತದೆ. ಹೊಗೆ ಎಬ್ಬಿಸುತ್ತಿದ್ದುದು ಬಹುಮಟ್ಟಿಗೆ ಅದನ್ನು ಮುಚ್ಚುವುದಕ್ಕಾಗಿಯೇ.

ಇನ್ನು ನಮ್ಮ ಟೆಂಟಿಗೆ ಬರುತ್ತಿದ್ದ ಪ್ರಿಂಟಿನ ಸ್ಥಿತಿ. ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರಗಳಲ್ಲಿ ಓಡಿ, ತಾಲ್ಲೂಕುಗಳಲ್ಲಿ ಸವೆದು, ಎಲ್ಲರ ಕೈದಾಟಿದ ಮೇಲೆ ಪೆಟ್ಟಿಗೆ ನಮಗೆ ಸಿಗುತ್ತಿತ್ತು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಪ್ರತಿ ಸೆಕೆಂಡಿಗೆ 24 ಚೌಕಗಳು, ಅಂದರೆ ಬಿಡಿ ಚಿತ್ರಗಳು, ದೀಪದ ಮುಂದೆ ಹಾದುಹೋಗುತ್ತವೆ. ರೀಲು ಹರಿದಾಗಲೆಲ್ಲ ಹಾಳಾದ ಎರಡು-ಮೂರು ಚೌಕಗಳನ್ನು ಕತ್ತರಿಸಿ, ಅಂಚನ್ನು ಬ್ಲೇಡಿನಿಂದ ಕೆರೆದು, ರೀಲು ಅಂಟಿಸುವ ‘ಸಿಮೆಂಟ್’ ಎಂಬ ಅಂಟು ಹಚ್ಚಿ, ಎರಡು ಬೆರಳಿನಿಂದ ಒತ್ತಿ ಹಿಡಿದು ಕೂಡಿಸುತ್ತಿದ್ದೆವು. ಹಾಗೆ ಕೂಡಿಸಿದ ಪ್ರತಿಯೊಂದು ಕಡೆಯೂ ಚಿತ್ರ ಜಿಗಿಯುತ್ತಿತ್ತು. ಒಂದೊಂದು ರೀಲಿನಲ್ಲಿ ಇಂತಹ ಇಪ್ಪತ್ತು-ಮೂವತ್ತು ಅಂಟುಗಳನ್ನು ನಾನೇ ಎಣಿಸಿದ್ದೇನೆ. ಅದರ ಜೊತೆಗೆ ಗೀರುಗಳ ‘ಮಳೆ’. ಪ್ರೊಜೆಕ್ಟರಿನಲ್ಲಿ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ನಡುವಿನ ಅಂತರ ಹೆಚ್ಚಾದಾಗಲೆಲ್ಲ ಬೆಳಕು ಮಂಕಾಗುತ್ತಿತ್ತು.

ಇಡೀ ಚಿತ್ರವೇ ಜಿಗಿಯುತ್ತಿದ್ದರೆ ರಾಕ್ಷಸನ ಜಿಗಿತವೊಂದನ್ನು ಬೇರೆಯಾಗಿ ಗುರುತಿಸುವವರು ಯಾರು? ಈಗ ನಿಮ್ಮ ಮಗಳು ನೋಡಿದ ಪ್ರತಿಯಲ್ಲಿ ಗೀರುಗಳನ್ನೆಲ್ಲ ಅಳಿಸಿ, ಚೌಕಗಳನ್ನು ಅಲುಗದಂತೆ ಮಾಡಿರುತ್ತಾರೆ. ಸವೆತದಿಂದ ಬಂದ ಜಿಗಿತಗಳೆಲ್ಲ ಹೋಗಿ, ಮೂಲದಲ್ಲಿಯೇ ಇದ್ದ ಜಿಗಿತ ಮಾತ್ರ ಉಳಿದುಕೊಂಡಿದೆ. ಆ ಚಿತ್ರಗಳನ್ನು ಮಾಡಿದವರು ಇಷ್ಟು ಸ್ವಚ್ಛವಾದ ಪ್ರತಿಯನ್ನು ಅಂಗೈಯಗಲದ ಪರದೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುವವರನ್ನು ಎಣಿಸಿರಲಿಲ್ಲ. ಆದ್ದರಿಂದ ಅವರ ಕೆಲಸ ಒರಟಾಗಿತ್ತೆಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ. ‘ಬಭ್ರುವಾಹನ’ದಲ್ಲಿ ಅರ್ಜುನನೂ ಬಭ್ರುವಾಹನನೂ ಒಬ್ಬರೇ ರಾಜಕುಮಾರ್. ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’ ಹಾಡಿನಲ್ಲಿ ಒಂದು ದನಿ ಪಿ.ಬಿ. ಶ್ರೀನಿವಾಸರದು, ಇನ್ನೊಂದು ರಾಜಕುಮಾರರದೇ. ಎರಡೂ ದನಿಗೆ ತುಟಿ ಹೊಂದಿಸಿ, ಎದುರಿಗಿಲ್ಲದ ತನ್ನನ್ನೇ ದುರುಗುಟ್ಟಿ ನೋಡಿ, ಎದುರಾಳಿಯ ಮಾತಿಗೆ ಸರಿಯಾದ ಹೊತ್ತಿಗೆ ಹುಬ್ಬೇರಿಸಿದ ಆ ನಟನೆಯಲ್ಲಿ ಇಂದಿನ ಪ್ರತಿಯಲ್ಲಿಯೂ ಒಂದು ಬಿರುಕು ಕಾಣುವುದಿಲ್ಲ.

ಉತ್ತರ 2: ನೀರುಬಲ್ಬು

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ನಮಗೆ ಜಿಗಿತ ಕಾಣಲೇ ಇಲ್ಲ ಎಂಬುದನ್ನು ಪೂರ್ತಿಯಾಗಿ ಒಪ್ಪಲಾರೆ. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ದಾವಣಗೆರೆ ಕಡೆಯ ನಮ್ಮೂರ ಟೆಂಟಿನ ಯಂತ್ರದ ಕೋಣೆಯ ಹಿಂದೆ ಬೆಳಗಿನ ಹೊತ್ತು ಹುಡುಕಿದರೆ ಆಪರೇಟರ್ ಕತ್ತರಿಸಿ ಎಸೆದ ರೀಲಿನ ತುಂಡುಗಳು ಸಿಗುತ್ತಿದ್ದವು. ಸುಟ್ಟುಹೋದ ಬಲ್ಬಿನ ತಲೆಯನ್ನು ಜೋಪಾನವಾಗಿ ಬಿಚ್ಚಿ, ಒಳಗಿನ ತಂತಿ ತೆಗೆದು, ನೀರು ತುಂಬಿದರೆ ಅದೇ ನಮ್ಮ ಮಸೂರ. ಅಂಗಳದಲ್ಲಿ ಒಬ್ಬನು ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಗೆ ಬಿಡಬೇಕು. ಆ ಬಿಸಿಲು ರೀಲನ್ನು ದಾಟಿ, ಬಲ್ಬನ್ನು ದಾಟಿ, ಎದುರು ಕಟ್ಟಿದ ಅಜ್ಜನ ಪಂಚೆಯ ಮೇಲೆ ಬೀಳಬೇಕು. ರೀಲನ್ನು ತಲೆಕೆಳಗಾಗಿ ಹಿಡಿದರೆ ಚಿತ್ರ ನೆಟ್ಟಗೆ ಮೂಡುತ್ತಿತ್ತು.

ಒಮ್ಮೆ ನನಗೆ ಒಂಬತ್ತು ಚೌಕಗಳ ತುಂಡೊಂದು ಸಿಕ್ಕಿತು. ಐದನೆಯ ಚೌಕದವರೆಗೆ ಕಲ್ಲಿನ ಮೇಲೆ ಮಂತ್ರವಾದಿ ನಿಂತಿದ್ದ. ಆರನೆಯದರಿಂದ ಅದೇ ಕಲ್ಲಿನ ಮೇಲೆ ಗೂಬೆ ಕುಳಿತಿತ್ತು. ನಡುವೆ ಇದ್ದದ್ದು ಕೂದಲೆಳೆಯಷ್ಟು ಕಪ್ಪು ಗೆರೆ ಮಾತ್ರ. ಕತ್ತರಿ ಬಿದ್ದದ್ದು ಮೂಲ ನೆಗೆಟಿವ್‌ನಲ್ಲಾದ್ದರಿಂದ ಅಲ್ಲಿ ಅಂಟೂ ಇರಲಿಲ್ಲ. ಆ ಗೆರೆಯ ಮೇಲೆ ಉಗುರಿಟ್ಟು ಎಷ್ಟೋ ಹೊತ್ತು ಕುಳಿತಿದ್ದೆ. ಮಂತ್ರವಾದಿ ಎಲ್ಲಿಯೂ ಕರಗಿಲ್ಲ, ಎಲ್ಲಿಯೂ ಗೂಬೆಯಾಗಿ ಬದಲಾಗಿಲ್ಲ, ಸುಮ್ಮನೆ ಎದ್ದುಹೋಗಿದ್ದಾನೆ ಎಂಬುದು ಅಂದೇ ನನಗೆ ಖಚಿತವಾಗಿತ್ತು. ಅದೇ ಸಂಜೆ ಅದೇ ಚಿತ್ರಕ್ಕೆ ಮತ್ತೆ ಹೋದೆ, ಅವನು ದಂಡವನ್ನು ಎತ್ತುತ್ತಿದ್ದಂತೆ ಅಣ್ಣನ ತೋಳನ್ನು ಮತ್ತೆ ಬಿಗಿಯಾಗಿ ಹಿಡಿದುಕೊಂಡೆ. ಗುಟ್ಟು ತಿಳಿದದ್ದು ಬೆಳಗಿನ ಪಂಚೆಯ ಮುಂದೆ. ಕತ್ತಲಲ್ಲಿ, ಊರಿನವರೆಲ್ಲರ ಉಸಿರಿನ ನಡುವೆ ಕುಳಿತಾಗ ಆ ತಿಳಿವಳಿಕೆ ಯಾವ ಸಹಾಯಕ್ಕೂ ಬರಲಿಲ್ಲ.

ಉತ್ತರ 3: ಕರಾವಳಿಯ ಓದುಗ

ವಿಠಲಾಚಾರ್ಯರ ಹೆಸರು ಬಂದುದರಿಂದ ಒಂದು ಮಾತು. ಅವರನ್ನು ತೆಲುಗಿನವರು ‘ಜಾನಪದ ಬ್ರಹ್ಮ’ ಎಂದು ಕೊಂಡಾಡುತ್ತಾರೆ, ಆದರೆ ಅವರು ನಮ್ಮ ಉಡುಪಿ ಕಡೆಯವರು. ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿ, ಅನಂತರ ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಅವರೊಂದಿಗೆ ಮಹಾತ್ಮ ಪಿಕ್ಚರ್ಸ್ ಮೂಲಕ ಕನ್ನಡ ಚಿತ್ರಗಳನ್ನು ತಯಾರಿಸಿ, ಆಮೇಲೆ ಮದರಾಸಿಗೆ ಹೋದವರು. ರಾಜಕುಮಾರ್ ಅಭಿನಯದ 1963ರ ‘ವೀರಕೇಸರಿ’ಯೂ ಅವರ ನಿರ್ದೇಶನದ್ದೇ. ಟೆಂಟಿನ ಪ್ರೇಕ್ಷಕನು ಯಾವಾಗ ಉಸಿರು ಹಿಡಿಯುತ್ತಾನೆ, ಯಾವಾಗ ಬೀಡಿ ಹಚ್ಚುತ್ತಾನೆ ಎಂಬುದನ್ನು ಅಲ್ಲಿಯೇ ನಿಂತು ನೋಡಿದ್ದವರು ಅವರು.

ನನ್ನ ಅಭಿಪ್ರಾಯದಲ್ಲಿ ಅವರ ಚಿತ್ರಗಳ ದೆವ್ವಗಳಲ್ಲಿ ಯಕ್ಷಗಾನದ ಬಣ್ಣದ ವೇಷದ ಅಂಶವಿದೆ. ನಮ್ಮಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಹಿಂದೆ ಗೆಜ್ಜೆಯ ಸದ್ದು, ಮೇಲಂಚಿನಲ್ಲಿ ಕಿರೀಟದ ತುದಿ, ಅಡಿಯಲ್ಲಿ ವೇಷಧಾರಿಯ ಪಾದ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ, ರಾಕ್ಷಸನು ಅಬ್ಬರಿಸುತ್ತಾನೆ. ತೆರೆ ಹಿಡಿದವರು ನಮ್ಮೂರಿನವರೇ ಎಂಬುದು ಪ್ರತಿಯೊಂದು ಮಗುವಿಗೂ ಗೊತ್ತು. ಆದರೂ ತೆರೆ ಸರಿದ ಕೂಡಲೇ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ನೀರುಬಲ್ಬಿನವರು ಹೇಳಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಕಾಣುವುದನ್ನು ಕಂಡೂ ಒಪ್ಪಿಕೊಳ್ಳುವ ಅಭ್ಯಾಸ ನಮಗೆ ಸಿನಿಮಾಕ್ಕಿಂತ ಮೊದಲೇ ಇತ್ತು.

ಉತ್ತರ 4: ಚಂದ್ರಗಿರಿ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ನಮ್ಮ ಪಾಲಿಗೆ ಆ ದಶಕದ ದೊಡ್ಡ ಬೆರಗು 1984ರ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’, ಭಾರತದ ಮೊದಲ ತ್ರೀಡಿ ಚಿತ್ರ. ಮುಖದ ಮುಂದೆ ಬಂದು ನಿಂತ ಐಸ್‌ಕ್ರೀಮಿಗೆ ನಾನೂ ಕೈ ಚಾಚಿದ್ದೆ. ಆದರೆ ಈಗ ಕನ್ನಡಕವಿಲ್ಲದೆ ನೋಡಿದರೆ ಆ ಭಾಗಗಳು ಮುಂದಕ್ಕೆ ಸುಮ್ಮನೆ ಏನನ್ನೋ ಚಾಚಿದಂತೆ ಕಾಣುತ್ತವೆ. ಮಕ್ಕಳು ಗೋಡೆಯ ಮೇಲೆ ನಡೆದು ಚಾವಣಿಗೆ ಏರುವ ಹಾಡು ಮಾತ್ರ ಹಾಗಲ್ಲ. ಅದಕ್ಕಾಗಿ ಇಡೀ ಕೋಣೆಯನ್ನೇ ತಿರುಗುವ ಸೆಟ್ ಆಗಿ ಕಟ್ಟಿ, ಕೋಣೆಯೊಂದಿಗೆ ಕ್ಯಾಮೆರಾವೂ ತಿರುಗುವಂತೆ ಮಾಡಿದ್ದರು. ಅಲ್ಲಿ ಮಾಯೆ ನಡೆದದ್ದು ಕ್ಯಾಮೆರಾದ ಎದುರಿಗೇ. ಎರಡು ತುಣುಕುಗಳನ್ನು ಕೂಡಿಸಿದ ಗುರುತು ಅಲ್ಲಿ ಇಲ್ಲ, ಆದ್ದರಿಂದ ಎಷ್ಟು ಸ್ವಚ್ಛವಾದ ಪ್ರತಿ ಬಂದರೂ ಕೊಂಬೆ ಹಾರುವುದಿಲ್ಲ. ನಿಮ್ಮ ಮಗಳಿಗೆ ಆ ಹಾಡನ್ನೂ ತೋರಿಸಿ.

ಪ್ರಶ್ನೆ ಕೇಳಿದವರ ಮರುಮಾತು: ಗಡಿಸೀಮೆಯವನು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ದೃಶ್ಯವನ್ನು ಒಂದೊಂದೇ ಚೌಕವಾಗಿ ಸರಿಸುತ್ತಾ ಹೋದೆ. ರಾಕ್ಷಸನಿದ್ದ ಕೊನೆಯ ಚೌಕ ಸಿಕ್ಕಿತು, ಅವನಿಲ್ಲದ ಮೊದಲ ಚೌಕವೂ ಸಿಕ್ಕಿತು. ಎರಡನ್ನೂ ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದ ಮೇಲೆ ಅವಳು, “ಇದರಲ್ಲಿ ಅವನು ಎಲ್ಲಿ ನಿಂತಿದ್ದಾನೆ?” ಎಂದು ಕೇಳಿದಳು. ಕ್ಯಾಮೆರಾದ ಆಚೆ ಎಲ್ಲೋ ಕಿರೀಟ ಹೊತ್ತುಕೊಂಡೇ ನಿಂತು, ಉಳಿದವರ ಅಭಿನಯವನ್ನು ನೋಡುತ್ತಿರಬೇಕು ಎಂದೆ. ಅವಳು ಪರದೆಯ ಅಂಚಿಗೆ ಬೆರಳಿಟ್ಟು, “ಇಲ್ಲೇ ಇರಬೇಕು” ಎಂದಳು. ಮುಂದಿನ ಭಾನುವಾರಕ್ಕೆ ಒಂದು ಸುಟ್ಟ ಬಲ್ಬು ಹುಡುಕಿಕೊಡಬೇಕಂತೆ.